ಜೆಪೆಗ್ ಸೇವ್ ಮಾಡುವಾಗ 60, 80, 95: ಯಾವ ಚಿತ್ರಕ್ಕೆ ಯಾವ ಅಂಕಿ?

ಕೊಪ್ಪಳದ ಯಾವುದೇ ಫೋಟೊ ಸ್ಟುಡಿಯೊದಲ್ಲಿ ಅಥವಾ ಡಿಟಿಪಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತರೆ ಎರಡು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಒಂದು, "ಅಣ್ಣ, ಈ ಫೋಟೊ ಐವತ್ತು ಕೆ.ಬಿ.ಯೊಳಗೆ ಮಾಡಿಕೊಡಿರಿ." ಇನ್ನೊಂದು, "ಕ್ವಾಲಿಟಿ ಮಾತ್ರ ಒಂದಿಷ್ಟೂ ಕಡಿಮೆಯಾಗಬಾರದು ನೋಡಿರಿ." ಎರಡಕ್ಕೂ ಅಂಗಡಿಯವನ ಕೈ ಹೋಗುವುದು ಒಂದೇ ಕಡೆಗೆ, ಫೋಟೊವನ್ನು ಹಿಂಡಿ ಚಿಕ್ಕದಾಗಿಸುವ ಜೆಪೆಗ್ (ಜೆಪಿಜಿ) ಫೈಲಾಗಿ ಸೇವ್ ಮಾಡುವಾಗ ತೆರೆದುಕೊಳ್ಳುವ ಪುಟ್ಟ ಚೌಕಟ್ಟಿನ ಕ್ವಾಲಿಟಿ ಪಟ್ಟಿಗೆ. ಮೊದಲನೆಯವರಿಗಾಗಿ ಅದನ್ನು ಎಡಕ್ಕೆ ಎಳೆಯುತ್ತಾನೆ, ಎರಡನೆಯವರಿಗಾಗಿ ಬಲತುದಿಗೆ ಒತ್ತಿ 100ಕ್ಕೆ ನಿಲ್ಲಿಸುತ್ತಾನೆ. ಮೊದಲನೆಯದರಲ್ಲಿ ಮುಖ ಕೆಡುತ್ತದೆ, ಎರಡನೆಯದರಲ್ಲಿ ಹಾರ್ಡ್ ಡಿಸ್ಕ್ ಸುಮ್ಮನೆ ತುಂಬುತ್ತದೆ. ಕ್ವಾಲಿಟಿಯ ಅಂಕಿಯನ್ನು ತೀರ್ಮಾನಿಸಬೇಕಾದದ್ದು ಕಟ್ಟಕಡೆಗೆ. ಚಿತ್ರ ಎಲ್ಲಿಗೆ ಹೋಗುತ್ತದೆ, ಅಲ್ಲಿ ಎಷ್ಟು ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಚುಕ್ಕಿ) ಸಾಕು, ಚಿತ್ರದೊಳಗೆ ಏನಿದೆ ಎಂಬ ಮೂರು ಸಂಗತಿ ತಿಳಿದ ಮೇಲೆ ಆ ಅಂಕಿ ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ.

ಅಂಕಿಯ ಹಿಂದಿನ ಲೆಕ್ಕ

ಕ್ವಾಲಿಟಿ 80 ಎಂದರೆ ಮೂಲ ಚಿತ್ರದ ಶೇ. 80ರಷ್ಟು ಉಳಿದಿದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಶೇಕಡಾವಾರೇ ಅಲ್ಲ. ಒಳಗೆ ನಡೆಯುವುದನ್ನು ಒಮ್ಮೆ ಬಿಡಿಸಿ ನೋಡಿದರೆ ಮುಂದಿನ ಆಯ್ಕೆಗಳೆಲ್ಲ ಸುಲಭವಾಗುತ್ತವೆ.

ಜೆಪೆಗ್ ಮೊದಲು ಚಿತ್ರದ ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸುತ್ತದೆ. ಬಳಿಕ ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ಅದನ್ನು ಕತ್ತರಿಸುತ್ತದೆ. ಒಂದೊಂದು ಚೌಕದಲ್ಲಿರುವ 64 ಬೆಲೆಗಳನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ಅವುಗಳಲ್ಲಿ ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕನ್ನು ಹೇಳುತ್ತದೆ, ನಂತರದವು ನಿಧಾನವಾಗಿ ಏರಿಳಿಯುವ ಛಾಯೆಯನ್ನು, ಕೊನೆಯವು ಕೂದಲು, ನೂಲು, ಮರಳಿನಂತಹ ಸೂಕ್ಷ್ಮ ವಿವರಗಳನ್ನು. ಮುಂದೆ ಹೇಳುವ ಬಣ್ಣದ ಹಂಚಿಕೆಯೊಂದನ್ನು ಬಿಟ್ಟರೆ ಇಷ್ಟರವರೆಗೆ ಹೇಳಿಕೊಳ್ಳುವಂತಹ ನಷ್ಟವಿಲ್ಲ. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ. ಆ 64 ಸಂಖ್ಯೆಗಳನ್ನು ಒಂದು ಕೋಷ್ಟಕದಲ್ಲಿರುವ 64 ಭಾಜಕಗಳಿಂದ ಭಾಗಿಸಿ, ಬಂದ ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ಇಳಿಸಲಾಗುತ್ತದೆ. ಭಾಜಕ ದೊಡ್ಡದಿದ್ದರೆ ಸಣ್ಣ ಸಂಖ್ಯೆಗಳೆಲ್ಲ ಸೊನ್ನೆಯಾಗುತ್ತವೆ, ಸೊನ್ನೆಗಳ ಉದ್ದ ಸಾಲನ್ನು ಬರೆದಿಡಲು ಜಾಗ ಬಹಳ ಬೇಕಿಲ್ಲ. ಗಂಗಾವತಿಯ ಗಿರಣಿಯಲ್ಲಿ ಜರಡಿಯ ಕಣ್ಣು ದೊಡ್ಡದು ಮಾಡಿದಷ್ಟೂ ನುಚ್ಚು ಕೆಳಗೆ ಇಳಿದುಹೋಗುವುದಿಲ್ಲವೇ, ಹಾಗೆ.

ಕ್ವಾಲಿಟಿಯ ಅಂಕಿ ನಿರ್ಧರಿಸುವುದು ಆ ಭಾಜಕಗಳ ಗಾತ್ರವನ್ನು. ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್ ಸೇರಿದಂತೆ ಬಹಳಷ್ಟು ತಂತ್ರಾಂಶಗಳು ಜೆಪೆಗ್ ಬರೆಯಲು ನೆಚ್ಚಿಕೊಂಡಿರುವ ಲಿಬ್‌ಜೆಪೆಗ್ ಎಂಬ ಸಿದ್ಧ ಕೋಡ್‌ನಲ್ಲಿ ಈ ಲೆಕ್ಕ ಬಹಿರಂಗವಾಗಿಯೇ ಇದೆ. ಕ್ವಾಲಿಟಿ 50ರಲ್ಲಿ ಬೆಳಕಿನ ಕೋಷ್ಟಕದ ಮೊದಲ ಭಾಜಕ 16, ಕೊನೆಯದು 99. ಅಂಕಿಯನ್ನು 75 ಮಾಡಿದರೆ ಅವು 8 ಮತ್ತು 50 ಆಗುತ್ತವೆ. 90ರಲ್ಲಿ 3 ಮತ್ತು 20. 95ರಲ್ಲಿ 2 ಮತ್ತು 10. 100ರಲ್ಲಿ ಎಲ್ಲವೂ 1. ಕೆಳಗಿಳಿದು 25ಕ್ಕೆ ಬಂದರೆ 32 ಮತ್ತು 198. ಈ ಸಾಲನ್ನು ಗಮನವಿಟ್ಟು ನೋಡಿ. 75ರಿಂದ 90ಕ್ಕೆ ಏರಿದಾಗ ಭಾಜಕಗಳು 8ರಿಂದ 3ಕ್ಕೆ, 50ರಿಂದ 20ಕ್ಕೆ ಇಳಿದು ಕಣ್ಣಿಗೆ ಕಾಣುವ ಲಾಭ ಸಿಗುತ್ತದೆ. 95ರಿಂದ 100ಕ್ಕೆ ಏರಿದಾಗ ಸಿಗುವುದು ಹೆಚ್ಚಿನ ಪಾಲು ಕ್ಯಾಮೆರಾ ಸೆನ್ಸರಿನ ಕಾಳುಕಾಳು ನಾಯ್ಸ್. ಕಣ್ಣಿಗೆ ಬೇಡವಾದ ಆ ನಾಯ್ಸನ್ನು ಜತನವಾಗಿ ಬರೆದಿಡಲು ಫೈಲ್ ಬಹುತೇಕ ದುಪ್ಪಟ್ಟಾಗುತ್ತದೆ. ಇಷ್ಟಾಗಿಯೂ 100 ಎಂಬುದು ನಷ್ಟವಿಲ್ಲದ ಸ್ಥಿತಿಯಲ್ಲ. ಪೂರ್ಣಾಂಕಕ್ಕೆ ಇಳಿಸುವ ಮತ್ತು ಬಣ್ಣವನ್ನು ಬದಲಿಸಿ ಬರೆಯುವ ನಷ್ಟ ಅಲ್ಲಿಯೂ ಇದೆ.

ಈ ಅಂಕಿಗಳು ಎಲ್ಲ ಕಡೆ ಒಂದೇ ಎಂದೂ ತಿಳಿಯಬೇಡಿ. ಫೋಟೊಶಾಪ್‌ನ ಸೇವ್ ಚೌಕಟ್ಟಿನಲ್ಲಿ ಪಟ್ಟಿ 0ಯಿಂದ 12ರವರೆಗೆ ಇದೆ, ಅದರದೇ ಆದ ಕೋಷ್ಟಕಗಳೂ ಇವೆ. ಅಲ್ಲಿನ 10 ಎಂದರೆ ಗಿಂಪ್‌ನ 83 ಎಂದು ತ್ರೈರಾಶಿ ಹಾಕುವವರನ್ನು ನೋಡಿದ್ದೇನೆ, ಆ ಲೆಕ್ಕಕ್ಕೆ ಅರ್ಥವಿಲ್ಲ. ನಿಕಾನ್ ಕ್ಯಾಮೆರಾಗಳಲ್ಲಂತೂ ಅಂಕಿಯೇ ಇಲ್ಲ. ಫೈನ್, ನಾರ್ಮಲ್, ಬೇಸಿಕ್ ಎಂಬ ಮೂರು ಮಟ್ಟಗಳಿವೆ, ಸುಮಾರಾಗಿ ನಾಲ್ಕರಲ್ಲಿ ಒಂದು ಪಾಲು, ಎಂಟರಲ್ಲಿ ಒಂದು, ಹದಿನಾರರಲ್ಲಿ ಒಂದು ಪಾಲಿಗೆ ಫೈಲನ್ನು ಇಳಿಸುವಂತಹವು. ಮದುವೆ ತೆಗೆಯಲು ಹೋದವರು ಕಾರ್ಡ್ ಉಳಿಸಲೆಂದು ಬೇಸಿಕ್‌ಗೆ ಇಟ್ಟರೆ ಮುಂದೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಕಳೆದದ್ದು ಬಾರದು. ಕ್ಯಾಮೆರಾದಲ್ಲಿ ಫೈನ್ ಬಿಟ್ಟು ಬೇರೆ ಮಾತು ಬೇಡ. ರಾ ಫೈಲನ್ನೂ (ಜೆಪೆಗ್ ಮಾಡದೆ ಇಟ್ಟ ಸೆನ್ಸರಿನ ಮೂಲ) ಜೊತೆಗೆ ಉಳಿಸಿಕೊಳ್ಳುವುದು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು.

ಈ ಲೆಕ್ಕದ ಬೇರು ನಮ್ಮ ರಾಜ್ಯದಲ್ಲಿಯೂ ಇದೆ ಎಂಬುದು ಇಲ್ಲಿ ಹೇಳಲೇಬೇಕಾದ ಸಂಗತಿ. 64 ಬೆಲೆಗಳನ್ನು 64 ಸಂಖ್ಯೆಗಳಾಗಿ ಬದಲಿಸುವ ಆ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಅದನ್ನು ಕಂಡುಹಿಡಿದವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಎಂದು ಕರೆಯುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಬರೆದ ಅವರ ಪ್ರಬಂಧ 1974ರಲ್ಲಿ ಪ್ರಕಟವಾಯಿತು. ಅದರ ಮೇಲೆ ಕಟ್ಟಿದ ಜೆಪೆಗ್ ಮಾನಕ ಬಂದದ್ದು 1992ರಲ್ಲಿ. ನಮ್ಮ ಮೊಬೈಲಿನಲ್ಲಿರುವ ಜಾತ್ರೆಯ ಫೋಟೊಗಳೂ ಮದುವೆಯ ಫೋಟೊಗಳೂ ಹೆಚ್ಚುಕಡಿಮೆ ಎಲ್ಲವೂ ಆ ಗಣಿತದ ಕೈಯಿಂದಲೇ ಹಾದುಬಂದಿವೆ.

ಐವತ್ತು ಕೆ.ಬಿ.ಯ ಪ್ರಶ್ನೆ

ನೇಮಕಾತಿಯ ಅರ್ಜಿಗಳ ಕಾಲದಲ್ಲಿ ಅಂಗಡಿಗಳ ಮುಂದೆ ಸಾಲು ನಿಲ್ಲುವುದು ಇದಕ್ಕಾಗಿಯೇ, ಹೆಚ್ಚು ಫೋಟೊಗಳು ಕೆಡುವುದೂ ಇಲ್ಲಿಯೇ. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಬ್ಯಾಂಕ್ ಹುದ್ದೆಗಳಿಗೆ ಐಬಿಪಿಎಸ್ ನಡೆಸುವ ಪರೀಕ್ಷೆಯ ಅರ್ಜಿಯನ್ನೇ ತೆಗೆದುಕೊಳ್ಳಿ. ಫೋಟೊ 200 ಪಿಕ್ಸೆಲ್ ಅಗಲ, 230 ಪಿಕ್ಸೆಲ್ ಎತ್ತರ ಇದ್ದರೆ ಒಳ್ಳೆಯದು, ಫೈಲ್ 20ರಿಂದ 50 ಕೆ.ಬಿ. ನಡುವೆ ಇರಬೇಕು ಎಂದು ಅಲ್ಲಿ ಸೂಚನೆ ಇರುತ್ತದೆ. ಸಹಿಗೆ 140ಕ್ಕೆ 60 ಪಿಕ್ಸೆಲ್, 10ರಿಂದ 20 ಕೆ.ಬಿ. ಜನ ಓದುವುದು ಕೆ.ಬಿ. ಎಂಬ ಒಂದೇ ಪದವನ್ನು. ಮೊಬೈಲಿನಲ್ಲಿ ತೆಗೆದ 3000 ಪಿಕ್ಸೆಲ್ ಅಗಲದ ಫೋಟೊವನ್ನು ಹಾಗೆಯೇ ಇಟ್ಟುಕೊಂಡು, 50 ಕೆ.ಬಿ.ಗೆ ಇಳಿಯುವವರೆಗೂ ಕ್ವಾಲಿಟಿಯನ್ನು ಎಳೆಯುತ್ತಾ ಹೋಗುತ್ತಾರೆ. 5, 3, ಕೊನೆಗೆ 1. ಆಗ ಒಂದೊಂದು ಎಂಟರ ಚೌಕದಲ್ಲಿ ಸರಾಸರಿ ಬಣ್ಣ ಮಾತ್ರ ಉಳಿದು, ಹಣೆಯೂ ಗಲ್ಲವೂ ಕಲ್ಲು ಹಾಸಿದ ನೆಲದಂತೆ ಕಾಣುತ್ತವೆ, ಹುಬ್ಬು ಒಂದು ಕಪ್ಪು ಪಟ್ಟೆಯಾಗುತ್ತದೆ. ಕೆಲವು ಅರ್ಜಿಗಳಲ್ಲಿ ಇಂತಹ ಫೋಟೊ ಅಸ್ಪಷ್ಟವೆಂದು ತಿರಸ್ಕೃತವಾಗುವುದೂ ಉಂಟು.

ಈಗ ಲೆಕ್ಕ ಮಾಡಿ. 200ಕ್ಕೆ 230 ಎಂದರೆ 46,000 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ, ಏನೂ ಹಿಂಡದೆ ಇಟ್ಟರೂ ಅದು 1,38,000 ಬೈಟ್, ಅಂದರೆ ಸುಮಾರು 135 ಕೆ.ಬಿ. 50 ಕೆ.ಬಿ.ಯೊಳಗೆ ಬರಲು ಅದನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಸಾಕು. ಕ್ವಾಲಿಟಿ 95ರಲ್ಲಿ ಇಟ್ಟರೂ ಸುಲಭವಾಗಿ ಬರುತ್ತದೆ. ಅಷ್ಟೇ ಅಲ್ಲ, ಹಿಂದೆ ಬರಿ ನೀಲಿ ಅಥವಾ ಬಿಳಿ ಪರದೆ ಇದ್ದು ಕ್ವಾಲಿಟಿಯನ್ನು 85ಕ್ಕೆ ಇಟ್ಟರೆ ಫೈಲ್ 20 ಕೆ.ಬಿ.ಗಿಂತ ಕೆಳಗೆ ಹೋಗಿ, ಚಿಕ್ಕದಾಯಿತೆಂದೇ ಅರ್ಜಿ ಅದನ್ನು ಹಿಂದಕ್ಕೆ ಕಳಿಸುತ್ತದೆ. ಅಂತಹ ಹೊತ್ತಿನಲ್ಲಿ ಕ್ವಾಲಿಟಿ 100ರ ಹತ್ತಿರ ಇಡುವುದೇ ಸರಿ. 100ಕ್ಕೆ ನಿಜವಾದ ಉಪಯೋಗ ಇರುವ ಜಾಗವನ್ನು ನಾನು ಕಂಡಿರುವುದು ಇದೊಂದೇ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು 200ಕ್ಕೆ 230ರ ಅನುಪಾತದಲ್ಲಿ ಕತ್ತರಿಸಿ, ಬಳಿಕ ಆ ಪಿಕ್ಸೆಲ್‌ಗೆ ಇಳಿಸಿ, ಕೊನೆಗೆ ಕ್ವಾಲಿಟಿಯನ್ನು ಮುಟ್ಟಿ. ಪಿಕ್ಸೆಲ್ ಎಷ್ಟೆಂದು ಅರ್ಜಿಯಲ್ಲಿ ಹೇಳದೆ ಬರಿ ಕೆ.ಬಿ. ಕೊಟ್ಟಿದ್ದರೂ ನನ್ನ ಆಯ್ಕೆ ಇದೇ, ಪಿಕ್ಸೆಲ್ ಕಡಿಮೆ ಮಾಡುತ್ತೇನೆ, ಕ್ವಾಲಿಟಿಯನ್ನು 85ರ ಕೆಳಗೆ ಬಿಡುವುದಿಲ್ಲ. 50 ಕೆ.ಬಿ.ಯೊಳಗೆ 400 ಪಿಕ್ಸೆಲ್ ಅಗಲದ ಸ್ವಚ್ಛ ಮುಖ ಸಿಗುವಾಗ 3000 ಪಿಕ್ಸೆಲ್ ಅಗಲದ ಚೌಕಚೌಕದ ಮುಖ ಯಾರಿಗೆ ಬೇಕು?

ಇಲ್ಲಿ ಇನ್ನೊಂದು ಕಳ್ಳ ಇದ್ದಾನೆ. ಪಿಕ್ಸೆಲ್ ಇಳಿಸಿದ ಮೇಲೆಯೂ ಫೈಲ್ 70, 80 ಕೆ.ಬಿ.ಯಲ್ಲೇ ನಿಂತರೆ, ತೂಕ ಇರುವುದು ಚಿತ್ರದಲ್ಲಲ್ಲ. ಕ್ಯಾಮೆರಾದ ಹೆಸರು, ತೆಗೆದ ಸಮಯ, ಜಾಗದ ಗುರುತು, ಬಣ್ಣದ ಪ್ರೊಫೈಲ್, ಒಂದು ಪುಟ್ಟ ಪ್ರತಿಚಿತ್ರ ಇವೆಲ್ಲ ಫೈಲಿನ ತಲೆಯಲ್ಲಿ ಕುಳಿತಿರುತ್ತವೆ. ಫೋಟೊಶಾಪ್‌ನ ಸಾಮಾನ್ಯ ಸೇವ್‌ನಲ್ಲಿ ಇದೇ ಹತ್ತಾರು ಕೆ.ಬಿ. ತಿನ್ನಬಹುದು. ಸೇವ್ ಫಾರ್ ವೆಬ್ ಮೂಲಕ ಉಳಿಸಿದರೆ, ಅಥವಾ ಗಿಂಪ್‌ನಲ್ಲಿ ಎಕ್ಸಿಫ್, ಎಕ್ಸ್‌ಎಂಪಿ, ಥಂಬ್‌ನೇಲ್ ಎಂಬ ಗುರುತುಗಳನ್ನು ತೆಗೆದುಹಾಕಿದರೆ, ಕ್ವಾಲಿಟಿಯನ್ನು ಮುಟ್ಟದೆಯೇ ಫೈಲ್ ಹಗುರವಾಗುತ್ತದೆ. ಅಂದಹಾಗೆ, 72 ಇರಲಿ, 300 ಇರಲಿ, ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಎಂಬ ಅಂಕಿಯೊಂದನ್ನೇ ಬದಲಿಸಿದರೆ ಫೈಲಿನ ಗಾತ್ರ ಬದಲಾಗುವುದಿಲ್ಲ. ಅದು ಮುದ್ರಣ ಯಂತ್ರಕ್ಕೆ ಬರೆದಿಟ್ಟ ಸೂಚನೆ ಅಷ್ಟೇ.

ಚಿತ್ರದೊಳಗೆ ಏನಿದೆ?

ಗವಿಸಿದ್ಧೇಶ್ವರ ಜಾತ್ರೆಯ ತೇರಿನ ಫೋಟೊವೊಂದನ್ನೂ ಸ್ಟುಡಿಯೊದಲ್ಲಿ ತೆಗೆದ ವಧುವಿನ ಫೋಟೊವೊಂದನ್ನೂ ಒಂದೇ ಪಿಕ್ಸೆಲ್, ಒಂದೇ ಕ್ವಾಲಿಟಿಯಲ್ಲಿ ಉಳಿಸಿ ನೋಡಿ. ಜಾತ್ರೆಯ ಫೈಲ್ ಎರಡು ಪಟ್ಟೋ ಮೂರು ಪಟ್ಟೋ ದೊಡ್ಡದಾಗಿರುತ್ತದೆ. ತಲೆಯ ಪಕ್ಕ ತಲೆ, ಪೇಟ, ಟೋಪಿ, ಎತ್ತಿದ ಕೈ, ಎಸೆದ ಉತ್ತತ್ತಿ, ಒಂದೊಂದು ಚೌಕದಲ್ಲಿಯೂ ಬರೆದಿಡಬೇಕಾದ ವಿವರ ಇರುತ್ತದೆ. ಹಾಗಾದರೆ ಜಾತ್ರೆಯ ಫೋಟೊಗೆ ಹೆಚ್ಚು ಕ್ವಾಲಿಟಿ ಬೇಕು ಎಂದು ತೋರುವುದು ಸಹಜ. ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಜನಜಂಗುಳಿಯಲ್ಲಿ ಆದ ಸಣ್ಣ ನಷ್ಟವನ್ನು ಕಣ್ಣು ಗುರುತಿಸುವುದಿಲ್ಲ, ಗದ್ದಲದಲ್ಲಿ ಪಿಸುಮಾತು ಕೇಳಿಸದ ಹಾಗೆ ಅಲ್ಲಿ ದೋಷ ಮುಚ್ಚಿಹೋಗುತ್ತದೆ. ಮೊಬೈಲಿನಲ್ಲಿ ನೋಡುವ ಜಾತ್ರೆಯ ಫೋಟೊಗೆ 75 ಧಾರಾಳ. ಅದೇ 75ರಲ್ಲಿ ವಧುವಿನ ಹಿಂದಿನ ನೀಲಿ ಪರದೆಯನ್ನು ನೋಡಿ. ನಯವಾಗಿ ಗಾಢವಾಗುತ್ತಾ ಹೋಗಬೇಕಿದ್ದ ನೀಲಿ ಮೆಟ್ಟಿಲುಮೆಟ್ಟಿಲಾಗಿ, ಚೌಕಗಳ ಅಂಚು ಕಾಣುತ್ತಿರುತ್ತದೆ. ಅಂಜನಾದ್ರಿಯ ಮೇಲಿನಿಂದ ತೆಗೆದ ಸಂಜೆಯ ಆಕಾಶದ್ದೂ ಇದೇ ಕಥೆ. ಸುಲಭವಾಗಿ ಸಣ್ಣದಾಗುವ ಚಿತ್ರಗಳೇ ಮೊದಲು ಕೆಟ್ಟಂತೆ ಕಾಣುವುದು. ಆದ್ದರಿಂದ ಆಕಾಶ, ಗೋಡೆ, ಪರದೆ, ಮಂಜು ಇರುವ ಚಿತ್ರಗಳಿಗೆ 88ರಿಂದ 92. ಹೇಗಿದ್ದರೂ ಅವುಗಳ ಫೈಲ್ ಚಿಕ್ಕದೇ ಇರುವುದರಿಂದ ಇಲ್ಲಿ ಧಾರಾಳತನ ತೋರಿಸಿದರೆ ನಷ್ಟವಿಲ್ಲ.

ಶಾಸನಗಳ ಮಾತು ಬೇರೆಯದೇ. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಬ್ರಾಹ್ಮಿ ಅಕ್ಷರಗಳಿವೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನ, ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೇ ತೋರಿಸಿಕೊಟ್ಟದ್ದು. ಇತಿಹಾಸದ ವಿದ್ಯಾರ್ಥಿಗಳು ಇವುಗಳ ಫೋಟೊ ತೆಗೆದು ಮನೆಗೆ ಹೋಗಿ ದೊಡ್ಡದು ಮಾಡಿ ಓದಲು ಕೂರುತ್ತಾರೆ. ಎರಡು ಸಾವಿರ ವರ್ಷ ಸವೆದ ಆಳವಿಲ್ಲದ ಗೀರು ಕಲ್ಲಿನ ಒರಟುತನದ ನಡುವೆ ಬೆಳಕು ನೆರಳಿನ ಬಹಳ ಸಣ್ಣ ವ್ಯತ್ಯಾಸವಾಗಿ ಮಾತ್ರ ಉಳಿದಿರುತ್ತದೆ. ಭಾಗಿಸಿ ಸೊನ್ನೆ ಮಾಡುವಾಗ ಮೊದಲು ಹೋಗುವುದು ಅಂತಹ ವ್ಯತ್ಯಾಸವೇ. 70ರಲ್ಲಿ ಉಳಿಸಿದ ಚಿತ್ರ ಮೊಬೈಲಿನಲ್ಲಿ ಚೆಂದವಾಗಿಯೇ ಕಾಣುತ್ತದೆ, ಹಿಗ್ಗಿಸಿದಾಗ ಮಾತ್ರ ಅದು ಅಕ್ಷರದ ತುದಿಯೋ ಕಲ್ಲಿನ ಸೀಳೋ ತಿಳಿಯದೆ ಹೋಗುತ್ತದೆ. ಓದುವುದಕ್ಕಾಗಿ ತೆಗೆಯುವ ಫೋಟೊಗೆ 95ಕ್ಕಿಂತ ಕಡಿಮೆ ಬೇಡ, ರಾ ಅಥವಾ ನಷ್ಟವಿಲ್ಲದ ಟಿಫ್ ಫೈಲ್ ಉಳಿಸಿಕೊಂಡರೆ ನಿಶ್ಚಿಂತೆ. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ತೆಗೆದರೆ ಗೀರಿನ ನೆರಳು ಗಟ್ಟಿಯಾಗಿ, ಜೆಪೆಗ್‌ಗೂ ಅದನ್ನು ಅಳಿಸುವುದು ಕಷ್ಟವಾಗುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಶಾಸನವನ್ನು ಯಾವ ಕ್ವಾಲಿಟಿಯೂ ಉಳಿಸದು.

ಕಿನ್ನಾಳದ ಕೆಂಪು ಗೆರೆ

ಕ್ವಾಲಿಟಿ ಪಟ್ಟಿಯ ಕೆಳಗೆ ಸಬ್‌ಸ್ಯಾಂಪ್ಲಿಂಗ್ ಎಂಬ ಒಂದು ಆಯ್ಕೆ ಇರುತ್ತದೆ. 4:4:4, 4:2:2, 4:2:0 ಎಂದು ಬರೆದಿರುವುದರಿಂದ ಹೆದರಿ ಯಾರೂ ಮುಟ್ಟುವುದಿಲ್ಲ. ನನ್ನ ಮಟ್ಟಿಗೆ ಕ್ವಾಲಿಟಿಯ ಅಂಕಿಯ ನಂತರ ಅತಿ ಮುಖ್ಯವಾದದ್ದು ಇದೇ.

ನಮ್ಮ ಕಣ್ಣು ಬೆಳಕಿನ ಏರಿಳಿತಕ್ಕೆ ಬಹಳ ಚುರುಕು, ಬಣ್ಣದ ಏರಿಳಿತಕ್ಕೆ ಅಷ್ಟಲ್ಲ. ಜೆಪೆಗ್ ಇದರ ಲಾಭ ಪಡೆಯುತ್ತದೆ. 4:4:4ರಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ ಇರುತ್ತದೆ. 4:2:0ರಲ್ಲಿ ಎರಡಕ್ಕೆ ಎರಡು, ಅಂದರೆ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಒಂದೇ ಬಣ್ಣ, ಬೆಳಕು ಮಾತ್ರ ಬೇರೆ ಬೇರೆ. ಸಾಮಾನ್ಯ ಫೋಟೊದಲ್ಲಿ, ಹೊಲ, ಗುಡ್ಡ, ಮುಖಗಳಲ್ಲಿ ವ್ಯತ್ಯಾಸ ಹುಡುಕಿದರೂ ಸಿಗದು, ಫೈಲ್ ಮಾತ್ರ ಗಣನೀಯವಾಗಿ ಚಿಕ್ಕದಾಗುತ್ತದೆ.

ಈಗ ಕಿನ್ನಾಳದ ಬಣ್ಣದ ಗೊಂಬೆಯೊಂದನ್ನು ಮುಂದಿಟ್ಟುಕೊಳ್ಳಿ. ಗಾಢ ಹಸಿರಿನ ಮೇಲೆ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆ, ಅದರ ಪಕ್ಕಕ್ಕೆ ಹಳದಿ ಚುಕ್ಕಿ. ಕೆಂಪಿಗೂ ಗಾಢ ಹಸಿರಿಗೂ ಬಣ್ಣದಲ್ಲಿ ಅಜಗಜಾಂತರವಿದ್ದರೂ ಬೆಳಕಿನಲ್ಲಿ ಅವು ಬಹುತೇಕ ಒಂದೇ. ಗೆರೆಯನ್ನು ಗೆರೆಯಾಗಿ ತೋರಿಸುತ್ತಿರುವುದು ಬಣ್ಣವೊಂದೇ. ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣ ಹಂಚಿದಾಗ ಕೆಂಪೂ ಹಸಿರೂ ಬೆರೆತು ಕಂದು ಮಸಿಯಾಗಿ ಹರಡುತ್ತದೆ. ಕ್ವಾಲಿಟಿಯನ್ನು 98ಕ್ಕೆ ಏರಿಸಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ಹೋದದ್ದು ಭಾಜಕದಿಂದಲ್ಲ. ಇಲ್ಲಿ 85ರ ಜೊತೆಗೆ 4:4:4, 95ರ ಜೊತೆಗೆ 4:2:0ಕ್ಕಿಂತ ಎಷ್ಟೋ ಮೇಲು. ಗೊಂಬೆಗಳನ್ನು ದೂರದ ಊರಿನ ಗಿರಾಕಿಗಳಿಗೆ ಫೋಟೊ ಮೂಲಕವೇ ಮಾರುವವರಿಗೆ ಇದು ಸಣ್ಣ ಮಾತಲ್ಲ. ಗೆರೆಯ ಕೆಲಸ ಕಾಣದಿದ್ದರೆ ಬೆಲೆಯೂ ಕಾಣುವುದಿಲ್ಲ.

ಲಗ್ನಪತ್ರಿಕೆಯಲ್ಲಿಯೂ ಇದೇ ಗೋಳು. ಕೆಂಪು ಹಿನ್ನೆಲೆಯ ಮೇಲೆ ಹಸಿರು ಅಕ್ಷರ ಇಟ್ಟು, ಪತ್ರಿಕೆಯನ್ನು 4:2:0 ಜೆಪೆಗ್ ಮಾಡಿ ಹಂಚಿದರೆ ಅಕ್ಷರದ ಸುತ್ತ ಕೆಸರು ಎರಚಿದಂತೆ ಕಾಣುತ್ತದೆ. ಕನ್ನಡಕ್ಕೆ ಇದರ ಪೆಟ್ಟು ಹೆಚ್ಚು, ಒತ್ತಕ್ಷರಗಳು ಮೂಲ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ. "ಜ್ಯೇಷ್ಠ" ಎಂಬ ಪದದ ಕೆಳಭಾಗ ಉಂಡೆಯಾದ ಪತ್ರಿಕೆಗಳನ್ನು ಎಲ್ಲರೂ ಕಂಡಿದ್ದಾರೆ. ಇಲ್ಲಿ ಜೆಪೆಗ್‌ನ ಸೆಟ್ಟಿಂಗ್ ಹುಡುಕುವ ಬದಲು ಪಿಎನ್‌ಜಿ ಆರಿಸಿ. ಬರಿ ಬಣ್ಣ, ಅಕ್ಷರ, ಗೆರೆ ಇರುವ ಚಿತ್ರ ಪಿಎನ್‌ಜಿಯಲ್ಲಿ ಒಂದು ಚುಕ್ಕಿಯೂ ಕೆಡದೆ ಉಳಿಯುತ್ತದೆ, ಎಷ್ಟೋ ಸಲ ಜೆಪೆಗ್‌ಗಿಂತ ಚಿಕ್ಕದೂ ಆಗುತ್ತದೆ. ಮೊಬೈಲ್ ಪರದೆಯ ಸ್ಕ್ರೀನ್‌ಶಾಟ್, ಪಹಣಿಯ ಸ್ಕ್ಯಾನ್, ಅಂಗಡಿಯ ಲಾಂಛನ ಇವೂ ಆ ಸಾಲಿಗೇ ಸೇರಿದವು. ಪತ್ರಿಕೆಯಲ್ಲಿ ವಧೂವರರ ದೊಡ್ಡ ಫೋಟೊ ಇದ್ದರೆ ಪಿಎನ್‌ಜಿ ವಿಪರೀತ ದೊಡ್ಡದಾಗುತ್ತದೆ, ಆಗ 92, 4:4:4 ಜೆಪೆಗ್‌ಗೆ ಮರಳಬೇಕು.

ಫೋಟೊಶಾಪ್‌ನ ಚೌಕಟ್ಟಿನಲ್ಲಿ ಈ ಸಬ್‌ಸ್ಯಾಂಪ್ಲಿಂಗ್ ಆಯ್ಕೆ ಕಾಣುವುದಿಲ್ಲ. ಕ್ವಾಲಿಟಿ 7 ಮತ್ತು ಅದಕ್ಕಿಂತ ಮೇಲೆ ಇಟ್ಟರೆ ಬಣ್ಣವನ್ನು ಪೂರ್ತಿ ಇಡುತ್ತದೆ, 6 ಮತ್ತು ಅದಕ್ಕಿಂತ ಕೆಳಗೆ ಹಂಚುತ್ತದೆ.

ಆಲ್ಬಂ, ಫ್ಲೆಕ್ಸ್, ವಾಟ್ಸ್‌ಆ್ಯಪ್

ಮದುವೆ ಆಲ್ಬಂನ 12ಕ್ಕೆ 36 ಇಂಚಿನ ಹಾಳೆಯೊಂದು ಇಂಚಿಗೆ 300 ಪಿಕ್ಸೆಲ್‌ನಂತೆ 3600ಕ್ಕೆ 10,800 ಪಿಕ್ಸೆಲ್ ಆಗುತ್ತದೆ. ಲ್ಯಾಬ್‌ಗೆ ಕಳಿಸುವಾಗ ಫೋಟೊಶಾಪ್‌ನಲ್ಲಿ 10 ಅಥವಾ 11 ಇಟ್ಟರೆ ಸಾಕು. 12ಕ್ಕೂ 10ಕ್ಕೂ ಮುದ್ರಣದಲ್ಲಿ ವ್ಯತ್ಯಾಸ ತೋರಿಸಿಕೊಡಿ ಎಂದರೆ ಯಾರೂ ತೋರಿಸಲಾರರು, ಅಪ್‌ಲೋಡ್ ಆಗುವ ಹೊತ್ತಿನಲ್ಲಿ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ವೃತ್ತದಲ್ಲಿ ನಿಲ್ಲಿಸುವ ಫ್ಲೆಕ್ಸ್‌ಗೆ ಇಂಚಿಗೆ 72 ಪಿಕ್ಸೆಲ್ ಇದ್ದರೂ ದೂರದಿಂದ ನೋಡುವವರಿಗೆ ಕೊರತೆ ಕಾಣದು. ನಾಯಕರ ಮುಖವನ್ನು ಎಲ್ಲಿಂದಲೋ ಇಳಿಸಿಕೊಂಡ ಪುಟ್ಟ ಫೋಟೊದಿಂದ ಹಿಗ್ಗಿಸಿದರೆ ಮಾತ್ರ ಎಂಟರ ಚೌಕಗಳು ಅಂಗೈ ಅಗಲವಾಗಿ ನಿಲ್ಲುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊವನ್ನು ಫೋಟೊ ಆಗಿ ಕಳಿಸಿದರೆ ಅದು ಪಿಕ್ಸೆಲ್ ಕಡಿಮೆ ಮಾಡಿ, ಮತ್ತೊಮ್ಮೆ ಜೆಪೆಗ್ ಆಗಿ ಹಿಂಡಿಯೇ ಕಳಿಸುತ್ತದೆ. ನೀವು 100ರಲ್ಲಿ ಉಳಿಸಿದ ಶ್ರಮ ಅಲ್ಲಿಗೆ ಮುಗಿಯಿತು. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲಿ ಪಿಕ್ಸೆಲ್ ಹೆಚ್ಚು ಉಳಿಯುತ್ತವೆ, ಹಿಂಡುವುದು ಮಾತ್ರ ತಪ್ಪುವುದಿಲ್ಲ. ಮೂಲ ಫೈಲ್ ಹಾಗೆಯೇ ತಲುಪಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಬಳ್ಳಾರಿಯ ಜೀನ್ಸ್ ಹೊಲಿಗೆಯವರು ಬಟ್ಟೆಯ ನೇಯ್ಗೆ ಕಾಣಲೆಂದು ಹತ್ತಿರದಿಂದ ತೆಗೆದ ಫೋಟೊಗಳನ್ನು ವ್ಯಾಪಾರಿಗಳಿಗೆ ಕಳಿಸುವಾಗ ಇದನ್ನು ನೆನಪಿಡಬೇಕು. ಡೆನಿಮ್‌ನ ಓರೆ ನೇಯ್ಗೆ ಎರಡನೇ ಸಲ ಹಿಂಡಿದಾಗ ಬರಿ ನೀಲಿ ಮಬ್ಬಾಗುತ್ತದೆ. ಹೊಸ ಬಟ್ಟೆ ತೊಳೆದು ಸವೆಸಿದಂತೆ ಕಾಣುತ್ತದೆ. ಕೆಲವರು ಅದನ್ನೇ ವಿನ್ಯಾಸ ಎಂದು ಮೆಚ್ಚಿಕೊಂಡರೆ ಅದು ಅದೃಷ್ಟ.

ಪದೇ ಪದೇ ಸೇವ್ ಮಾಡುವ ಬಗ್ಗೆ ಅರ್ಧ ಸತ್ಯವೊಂದು ಎಲ್ಲೆಡೆ ಓಡಾಡುತ್ತಿದೆ. ಜೆಪೆಗ್ ತೆರೆದು ನೋಡಿದರೆ, ನಕಲು ಮಾಡಿದರೆ, ಪೆನ್‌ಡ್ರೈವ್‌ಗೆ ಹಾಕಿದರೆ ಏನೂ ಕೆಡುವುದಿಲ್ಲ. ತಿದ್ದಿ ಮತ್ತೆ ಸೇವ್ ಮಾಡಿದಾಗ ಕೆಡುತ್ತದೆ. ಅದೇ ತಂತ್ರಾಂಶದಲ್ಲಿ ಅದೇ ಕ್ವಾಲಿಟಿಯಲ್ಲಿ ಉಳಿಸಿದರೆ ಹೊಸ ನಷ್ಟ ಅಷ್ಟಾಗಿ ಆಗದು. ನಿಜವಾದ ಪೆಟ್ಟು ಬೀಳುವುದು ಅಂಚನ್ನು ಕತ್ತರಿಸಿದಾಗ. ಮೇಲಿನಿಂದಲೋ ಎಡದಿಂದಲೋ ಮೂರು ಪಿಕ್ಸೆಲ್ ಕತ್ತರಿಸಿದರೂ ಎಂಟರ ಚೌಕಗಳ ಜಾಲ ಜಾರಿ, ಹಳೆಯ ಚೌಕಗಳ ಅಂಚು ಹೊಸ ಚೌಕಗಳ ನಡುವೆ ಬಂದು, ನಷ್ಟದ ಮೇಲೆ ನಷ್ಟ ಬರೆಯಲ್ಪಡುತ್ತದೆ. ಆದ್ದರಿಂದ ಕೆಲಸ ನಡೆಯುತ್ತಿರುವ ಫೈಲನ್ನು ಪಿಎಸ್‌ಡಿ (ಫೋಟೊಶಾಪ್‌ನ ಸ್ವಂತ ಫೈಲ್) ಅಥವಾ ಎಕ್ಸ್‌ಸಿಎಫ್ (ಗಿಂಪ್‌ನದು) ಆಗಿ ಇಟ್ಟುಕೊಂಡು, ಕೊಡುವ ಹೊತ್ತಿಗೆ ಒಮ್ಮೆ ಮಾತ್ರ ಜೆಪೆಗ್ ಮಾಡಿ.

ಉಳಿದ ಗುಂಡಿಗಳು

ಬೇಸ್‌ಲೈನ್, ಪ್ರೋಗ್ರೆಸಿವ್ ಎಂಬ ಆಯ್ಕೆಗೆ ಕ್ವಾಲಿಟಿಯ ಜೊತೆ ಸಂಬಂಧವಿಲ್ಲ. ಬೇಸ್‌ಲೈನ್ ಚಿತ್ರ ಮೇಲಿನಿಂದ ಕೆಳಗೆ ತೆರೆದುಕೊಳ್ಳುತ್ತದೆ, ಪ್ರೋಗ್ರೆಸಿವ್ ಮೊದಲು ಮಸುಕಾಗಿ ಪೂರ್ತಿ ಬಂದು ಆಮೇಲೆ ತಿಳಿಯಾಗುತ್ತದೆ, ಸಾಮಾನ್ಯವಾಗಿ ಸ್ವಲ್ಪ ಚಿಕ್ಕದೂ ಹೌದು. ವೆಬ್‌ಸೈಟಿಗೆ ಪ್ರೋಗ್ರೆಸಿವ್, ಅರ್ಜಿಗೆ ಮತ್ತು ಲ್ಯಾಬ್‌ಗೆ ಬೇಸ್‌ಲೈನ್. ಹಳೆಯ ಸಾಧನಗಳು, ಕೆಲವು ಅರ್ಜಿಗಳು ಪ್ರೋಗ್ರೆಸಿವ್ ಫೈಲನ್ನು ಒಪ್ಪುವುದಿಲ್ಲ. ಆಪ್ಟಿಮೈಜ್ ಎಂದಿದ್ದರೆ ಕಣ್ಣುಮುಚ್ಚಿ ಗುರುತು ಹಾಕಿ, ಏನನ್ನೂ ಕಳೆಯದೆ ಫೈಲ್ ಸ್ವಲ್ಪ ಇಳಿಯುತ್ತದೆ.

2010ರಲ್ಲಿ ಗೂಗಲ್ ತಂದ ವೆಬ್‌ಪಿ ಅಷ್ಟೇ ಅಂದದ ಚಿತ್ರವನ್ನು ಜೆಪೆಗ್‌ಗಿಂತ ಚಿಕ್ಕದಾಗಿ ಕೊಡುತ್ತದೆ, ಸ್ವಂತ ವೆಬ್‌ಸೈಟ್ ಇದ್ದವರು ಬಳಸಬಹುದು. ಆದರೆ ನಷ್ಟಸಹಿತ ವೆಬ್‌ಪಿಯಲ್ಲಿ ಬಣ್ಣ ಯಾವಾಗಲೂ 4:2:0, ಕಿನ್ನಾಳದ ಗೊಂಬೆಗೆ ಅದು ಬೇಡ. ಅರ್ಜಿಗಳೂ ಲ್ಯಾಬ್‌ಗಳೂ ಸಾಮಾನ್ಯವಾಗಿ ಕೇಳುವುದು ಜೆಪೆಗ್ ಅನ್ನೇ. ಐಫೋನ್‌ನಲ್ಲಿ 2017ರಿಂದ ಬರುತ್ತಿರುವ ಎಚ್‌ಇಐಸಿ ಎಂಬ ಬೇರೆ ಬಗೆಯ ಫೈಲಿನ ಹೆಸರಿನ ಕೊನೆಗೆ ಜೆಪಿಜಿ ಎಂದು ಬರೆದರೆ ಅದು ಜೆಪೆಗ್ ಆಗದು. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್ ತೆರೆದು ಮೋಸ್ಟ್ ಕಂಪ್ಯಾಟಿಬಲ್ ಎಂದು ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿಯೇ ಬರುತ್ತವೆ.

ಅಂಕಿಯನ್ನು ಕಂಠಪಾಠ ಮಾಡುವ ಬದಲು ಕಣ್ಣಿನಿಂದ ಪರೀಕ್ಷಿಸುವ ದಾರಿಯೂ ಇದೆ. ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಚಿತ್ರದ ಮೇಲೆಯೇ ಮುನ್ನೋಟ ತೋರಿಸುವ ಒಂದು ಗುರುತು ಇದೆ. ಅದನ್ನು ಹಾಕಿದರೆ ಪಟ್ಟಿಯನ್ನು ಸರಿಸಿದಂತೆಲ್ಲ ಫೈಲಿನ ಗಾತ್ರವೂ ಚಿತ್ರವೂ ಬದಲಾಗುವುದು ಕಾಣುತ್ತದೆ. ಚಿತ್ರವನ್ನು ಶೇ. 100ರ ಝೂಮ್‌ನಲ್ಲಿ ಇಡಿ, ಅದಕ್ಕಿಂತ ಹೆಚ್ಚು ಹಿಗ್ಗಿಸಿದರೆ ಯಾರೂ ನೋಡದ ದೋಷಕ್ಕೆ ತಲೆ ಕೆಡಿಸಿಕೊಳ್ಳುವಿರಿ. ಕೂದಲಿನ ಅಂಚು, ಬರಿ ಗೋಡೆ ಅಥವಾ ಆಕಾಶ, ಕೆಂಪು ಬಣ್ಣ ಇರುವ ಜಾಗ ಈ ಮೂರರ ಮೇಲೆ ಕಣ್ಣಿಟ್ಟು 90ರಿಂದ ನಿಧಾನವಾಗಿ ಕೆಳಗೆ ಬನ್ನಿ. ಕೆಂಪು ಮೊದಲು ಕೆಟ್ಟರೆ ಸಬ್‌ಸ್ಯಾಂಪ್ಲಿಂಗ್ ಬದಲಿಸಿ, ಗೋಡೆ ಮೊದಲು ಕೆಟ್ಟರೆ ನಾಲ್ಕೈದು ಅಂಕಿ ಮೇಲೇರಿ. ಕೂದಲು ಮೊದಲು ಕೆಟ್ಟು ಫೈಲ್ ಇನ್ನೂ ದೊಡ್ಡದಿದ್ದರೆ ರದ್ದು ಮಾಡಿ ಹಿಂದಕ್ಕೆ ಹೋಗಿ ಪಿಕ್ಸೆಲ್ ಇಳಿಸಿ ಬನ್ನಿ.